ಪದ್ಮಿನಿಗೆ ಜಿಪ್ಸಿ ಎಂಜಿನ್: ತಣ್ಣಗಿದ್ದಾಗ ಚಿನ್ನ, ಬಿಸಿಯಾದರೆ ಮಿಸ್ಸಿಂಗ್

ಪದ್ಮಿನಿ85, ತುಮಕೂರು | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ಗಾಡಿ 1985ರ ಪ್ರೀಮಿಯರ್ ಪದ್ಮಿನಿ. ಅಪ್ಪ ಇದರಲ್ಲೇ ಹದಿನೆಂಟು ವರ್ಷ ಮಧುಗಿರಿ, ಪಾವಗಡ, ಶಿರಾ ಕಡೆ ಬಾಡಿಗೆ ಹೊಡೆದರು. ನನ್ನ ಓದು, ಅಕ್ಕನ ಮದುವೆ ಎರಡೂ ಇದರ ದುಡಿಮೆಯಿಂದಲೇ ಆದವು. ಹಳೆಯ 1089 ಸಿಸಿ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿತ್ತು. ಎರಡು ಸಲ ಕೆಲಸ ಮಾಡಿಸಿದರೂ ನೀರು ಸೋರುವುದು ನಿಲ್ಲಲಿಲ್ಲ. ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ.

ಕೊನೆಗೆ ಮಾರುತಿ ಜಿಪ್ಸಿಯ 1298 ಸಿಸಿ ಎಂಪಿಎಫ್‌ಐ (ಕಾರ್ಬೋರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ತಂದೆ. ಅದರ ಮಾಡೆಲ್ ಜಿ13ಬಿಬಿ, 16 ವಾಲ್ವಿನದು. ಅದರ ಐದು ಗೇರಿನ ಬಾಕ್ಸ್ ಕೂಡ ಜೊತೆಗೇ ಸಿಕ್ಕಿತು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್ ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ, ಹಿಂದೆ ಬೇರೆಯಾಗಿ ಕೂರುತ್ತದೆ. ಅದನ್ನು ಬಿಟ್ಟು, ಗೇರ್ ಬಾಕ್ಸಿನಿಂದ ನೇರ ಹಿಂದಿನ ಆಕ್ಸಲ್‌ಗೆ ಷಾಫ್ಟ್ ಮಾಡಿಸಿದೆ. ಮೌಂಟಿಂಗ್, ಷಾಫ್ಟ್, ರೇಡಿಯೇಟರ್ ಎಲ್ಲ ಚೆನ್ನಾಗಿಯೇ ಕೂತವು. ತೊಂದರೆ ಶುರುವಾಗಿದ್ದು ವೈರಿಂಗಿನಲ್ಲಿ.

ವೈರಿಂಗ್ ಸೆಟ್ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಂಜಿನ್ ಜೊತೆಗೇ ಬಂದವು. ಇಸಿಯು ಡ್ಯಾಶ್‌ಬೋರ್ಡ್ ಕೆಳಗೆ ಇಟ್ಟೆ. ತಂತಿಗಳು ಸಾಲದೆ ಎಲ್ಲವನ್ನೂ ಕತ್ತರಿಸಿ, ಬೆಸುಗೆ ಹಾಕಿ ಉದ್ದ ಮಾಡಿದೆ. ಇಸಿಯು ಅರ್ಥ್ (ಕರೆಂಟ್ ವಾಪಸ್ ಹೋಗುವ ನೆಗೆಟಿವ್ ತಂತಿ) ಜಿಪ್ಸಿಯಲ್ಲಿದ್ದ ಹಾಗೆ ಎಂಜಿನ್ ಮೇಲೆ ಇದೆ. ಸೆನ್ಸರ್‌ಗಳ ಅರ್ಥ್ ತಂತಿಗಳನ್ನು ಮಾತ್ರ ಒಟ್ಟುಗೂಡಿಸಿ ಒಂದೇ ಲಗ್ (ತಂತಿಯ ತುದಿಯ ಲೋಹದ ಬಳೆ) ಹಾಕಿ ಗಾಡಿಯ ಬಾಡಿಯ ಲೋಹಕ್ಕೆ ಕೊಟ್ಟಿದ್ದೇನೆ. ಬ್ಯಾಟರಿ ನೆಗೆಟಿವ್ ಬಾಡಿಗೆ ಇದೆ, ಬಾಡಿಯಿಂದ ಎಂಜಿನ್‌ಗೆ ಇನ್ನೊಂದು ತಂತಿ.

ತೊಂದರೆ ಇದು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಸೆಲ್ಫ್ ಸ್ವಲ್ಪ ನಿಧಾನ ತಿರುಗುತ್ತದೆ ಅಷ್ಟೇ. ಸ್ಲೋ (ಪೆಡಲ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) 900 ಆರ್‌ಪಿಎಂನಲ್ಲಿ ನಿಲ್ಲುತ್ತದೆ, ರೇಸ್ ಮಾಡಿದರೆ ಚಿನ್ನದ ಹಾಗೆ ಏರುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಬಿಸಿಯಾದ ಮೇಲೆ ಸ್ಲೋ ತಾನಾಗಿಯೇ 1500ಕ್ಕೆ ಹೋಗುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಏರುತ್ತದೆ. ಆಮೇಲೆ ಮಿಸ್ಸಿಂಗ್, ಕಪ್ಪು ಹೊಗೆ, ಹಸಿ ಪೆಟ್ರೋಲ್ ವಾಸನೆ. ರಾತ್ರಿ ಇನ್ನೂ ಜಾಸ್ತಿ.

ಬಿಸಿಯಾದರೆ ತಾನೇ ಕೆಡುವುದು ಅಂತ ಕೂಲಂಟ್ ಸೆನ್ಸರ್ ಎರಡು ಸಲ ಬದಲಿಸಿದೆ. ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಒಂದು ಸಲ, ಪೆಡಲ್ ಎಷ್ಟು ಒತ್ತಿದೆ ಅಂತ ಹೇಳುವ ಥ್ರಾಟಲ್ ಸೆನ್ಸರ್ ಒಂದು ಸಲ. ಹನ್ನೊಂದು ಸಾವಿರ ಹೋಯಿತು. ಬದಲಾವಣೆ ಏನೂ ಇಲ್ಲ.

ಗುಬ್ಬಿಗೇಟ್ ಗ್ಯಾರೇಜ್, ತುಮಕೂರು | ಶನಿವಾರ ರಾತ್ರಿ 10:05

ಗಾಡಿ ಉಳಿಸಿಕೊಂಡಿದ್ದಕ್ಕೆ ಮೊದಲು ಖುಷಿಯಾಯಿತು ತಮ್ಮಾ. ಪೆಟ್ರೋಲ್ ಪಂಪ್ ಯಾವುದು ಹಾಕಿದ್ದೀಯ? ಪದ್ಮಿನಿಯದು ಕಾರ್ಬೋರೇಟರ್ ಗಾಡಿ, ಹಳೆಯ ಪಂಪು ಎಂಪಿಎಫ್‌ಐಗೆ ಆಗುವುದೇ ಇಲ್ಲ. ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನ್ ಇದೆಯಾ? ರಿಟರ್ನ್ ಕಟ್ಟಿಕೊಂಡರೆ ಪ್ರೆಷರ್ ಏರಿ ಕಪ್ಪು ಹೊಗೆ ಬರುತ್ತದೆ. ಪ್ಲಗ್ ಬಿಚ್ಚಿ ಬಣ್ಣ ನೋಡಿ ಹೇಳು.

ಪದ್ಮಿನಿ85 | ಶನಿವಾರ ರಾತ್ರಿ 10:20

ಅಣ್ಣ, ಎಂಪಿಎಫ್‌ಐ ಪಂಪನ್ನೇ ಹಾಕಿದ್ದೇನೆ. ಟ್ಯಾಂಕಿಗೆ ಬೇರೆ ಪೈಪ್ ಬೆಸೆದು ರಿಟರ್ನ್ ಕೊಟ್ಟಿದ್ದೇನೆ. ಗೇಜ್ ಹಾಕಿ ನೋಡಿದೆ, ತಣ್ಣಗಿದ್ದಾಗಲೂ ಬಿಸಿಯಾದ ಮೇಲೂ ಮೂರು ಬಾರ್ ಹತ್ತಿರವೇ ನಿಲ್ಲುತ್ತದೆ. ಪ್ಲಗ್ ನಾಲ್ಕೂ ಮಸಿ ಹಿಡಿದಿವೆ. ಎಣ್ಣೆ ಇಲ್ಲ, ಒಣ ಮಸಿ, ಬೆರಳಿಗೆ ಕಾಡಿಗೆಯ ಹಾಗೆ ಅಂಟುತ್ತದೆ.

ಗುಬ್ಬಿಗೇಟ್ ಗ್ಯಾರೇಜ್ | ಶನಿವಾರ ರಾತ್ರಿ 10:31

ಹಾಗಾದರೆ ಪಂಪ್ ಸರಿ ಇದೆ. ನಾಲ್ಕಕ್ಕೂ ಒಂದೇ ಥರ ಜಾಸ್ತಿ ಪೆಟ್ರೋಲ್ ಹೋಗುತ್ತಿದೆ ಅಂದರೆ ಒಂದು ಇಂಜೆಕ್ಟರ್ ಕೆಟ್ಟಿದ್ದಲ್ಲ. ಇಸಿಯುವೇ ಕೊಡಿಸುತ್ತಿದೆ. ಅದಕ್ಕೆ ಯಾರೋ ತಪ್ಪು ಲೆಕ್ಕ ಹೇಳುತ್ತಿದ್ದಾರೆ. ನನ್ನ ಕೈ ನಟ್ಟು ಬೋಲ್ಟಿನಲ್ಲಿ ಚೆನ್ನಾಗಿ ಓಡುತ್ತದೆ, ಮುಂದಿನದು ವೈರಿಂಗ್ ಗೊತ್ತಿರುವವರು ಹೇಳಲಿ.

ಕುಡ್ಲ ಟ್ಯೂನಿಂಗ್, ಮಂಗಳೂರು | ಭಾನುವಾರ ಬೆಳಿಗ್ಗೆ 7:15

ಮ್ಯಾಪ್ ಸೆನ್ಸರ್ ರೀಡಿಂಗ್ ಎಷ್ಟು? ಎಂಜಿನ್ ಆಫ್, ಇಗ್ನಿಷನ್ ಮಾತ್ರ ಆನ್ ಮಾಡಿ ನೋಡಿ ಹೇಳಿ.

ಪದ್ಮಿನಿ85 | ಭಾನುವಾರ ಬೆಳಿಗ್ಗೆ 7:50

ಸ್ಕ್ಯಾನರ್ ಒಂದು ಗಂಟೆಯ ಮಟ್ಟಿಗೆ ಪರಿಚಯದವರಿಂದ ಸಿಕ್ಕಿತ್ತು ಸರ್. ಇಗ್ನಿಷನ್ ಆನ್ ಮಾಡಿ ನೋಡಿದ್ದು ಬರೆದಿಟ್ಟಿದ್ದೇನೆ. ಮ್ಯಾಪ್ 92 ಕಿಲೋಪಾಸ್ಕಲ್, ಕೂಲಂಟ್ 27 ಡಿಗ್ರಿ, ಥ್ರಾಟಲ್ ಪೂರ್ತಿ ಮುಚ್ಚಿದ ಲೆಕ್ಕ. ಎಂಜಿನ್ ಓಡುವಾಗ ನೋಡುವಷ್ಟರಲ್ಲಿ ಅವರು ಹೊರಡಬೇಕಾಯಿತು.

ಕುಡ್ಲ ಟ್ಯೂನಿಂಗ್ | ಭಾನುವಾರ ಬೆಳಿಗ್ಗೆ 8:02

92 ಅಂದರೆ ಸೆನ್ಸರ್ ತಪ್ಪು ಹೇಳುತ್ತಿದೆ. 101 ತೋರಿಸಬೇಕು. ನನ್ನ ಗಾಡಿಗಳಲ್ಲಿ ಯಾವತ್ತೂ 100, 101. ಹೊಸ ಸೆನ್ಸರ್ ಡೂಪ್ಲಿಕೇಟ್ ಇರಬೇಕು ನೋಡಿ.

ಸ್ಪೀಡುಯಿನೋ ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ | ಭಾನುವಾರ ಬೆಳಿಗ್ಗೆ 8:40

ಸರ್, ನೀವು ಸಮುದ್ರದ ಪಕ್ಕ ಇದ್ದೀರಿ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ 92ರ ಆಸುಪಾಸು. ನಮ್ಮ ಚಿಂತಾಮಣಿಯಲ್ಲೂ ಅಷ್ಟೇ ಬರುತ್ತದೆ. ಎಂಜಿನ್ ನಿಂತಾಗ ಮ್ಯಾಪ್ ಸೆನ್ಸರ್ ನೋಡುವುದು ಹೊರಗಿನ ಗಾಳಿಯನ್ನೇ ಅಲ್ವಾ. ಈ ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ, ದಯವಿಟ್ಟು ಇನ್ನೊಂದು ಕೊಳ್ಳಬೇಡಿ.

ನಾನು ಮಾರುತಿ 800ರ ಎಂಜಿನ್‌ಗೆ ಸ್ಪೀಡುಯಿನೋ ಹಾಕಿ ಓಡಿಸುತ್ತಿದ್ದೇನೆ. ಆರ್ಡುಯಿನೋ ಮೆಗಾ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ನಡೆಯುವ ಇಸಿಯು ಅದು, ಅದರ ಸಾಫ್ಟ್‌ವೇರ್ ಮತ್ತು ಸರ್ಕ್ಯೂಟ್ ಎಲ್ಲರಿಗೂ ತೆರೆದಿದೆ. ಅದರಲ್ಲಿ ಪ್ರತಿ ಸೆನ್ಸರ್ ಏನು ಹೇಳುತ್ತಿದೆ ಅಂತ ಲ್ಯಾಪ್‌ಟಾಪಿನಲ್ಲಿ ಓಡುವಾಗಲೇ ನೋಡಬಹುದು. ಕಂಪನಿ ಇಸಿಯುವಿನಲ್ಲಿ ಆ ಕಣ್ಣು ಇಲ್ಲದಿದ್ದರೆ ಮಲ್ಟಿಮೀಟರನ್ನೇ ಕಣ್ಣು ಮಾಡಿಕೊಳ್ಳಬೇಕು. ಎಂಜಿನ್ ಓಡುವಾಗ, ತೊಂದರೆ ನಡೆಯುತ್ತಿರುವಾಗಲೇ ಅಳೆಯಬೇಕು.

ಕುಡ್ಲ ಟ್ಯೂನಿಂಗ್ | ಭಾನುವಾರ ಬೆಳಿಗ್ಗೆ 8:55

ನಿಜ ಮೇಡಂ, ಎತ್ತರದ ಲೆಕ್ಕ ನಾನು ಹಿಡಿಯಲಿಲ್ಲ. ಪದ್ಮಿನಿಯವರೇ, ನನ್ನ ಮಾತು ಬಿಡಿ, ಆ ಸೆನ್ಸರ್ ಇಟ್ಟುಕೊಳ್ಳಿ.

ವೈರಿಂಗ್ ಮೇಷ್ಟ್ರು, ಕೋಲಾರ | ಭಾನುವಾರ ಮಧ್ಯಾಹ್ನ 1:30

ನಾನು ಮೂವತ್ತು ವರ್ಷ ಹುಡುಗರಿಗೆ ಎಲೆಕ್ಟ್ರಿಕಲ್ ಹೇಳಿಕೊಟ್ಟವನು. ಈಗ ನಿವೃತ್ತ. ನಿಮ್ಮ ಮೊದಲ ಬರಹವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಮಾತು ನನ್ನನ್ನು ಹಿಡಿದು ನಿಲ್ಲಿಸಿದವು.

ಸೆಲ್ಫ್ ನಿಧಾನ ಅಂದಿರಿ. ರಾತ್ರಿ ಜಾಸ್ತಿ ಅಂದಿರಿ. ಸೆನ್ಸರ್ ಅರ್ಥ್ ಎಲ್ಲ ಕೂಡಿಸಿ ಬಾಡಿಗೆ ಕೊಟ್ಟೆ ಅಂದಿರಿ.

ಬಿಸಿಗೂ ರಾತ್ರಿಗೂ ಏನು ಸಂಬಂಧ ಹೇಳಿ? ರಾತ್ರಿ ಗಾಡಿ ತಣ್ಣಗೇ ಇರಬೇಕು. ಆದರೆ ರಾತ್ರಿ ಹೆಡ್‌ಲೈಟ್ ಹಾಕುತ್ತೀರಿ. ಬಿಸಿಯಾದಾಗ ರೇಡಿಯೇಟರ್ ಫ್ಯಾನ್ ತಿರುಗುತ್ತದೆ. ಎರಡೂ ಜಾಸ್ತಿ ಕರೆಂಟ್ ಎಳೆಯುವ ವಸ್ತುಗಳು. ನಿಮ್ಮ ಎಂಜಿನ್ ಹೆದರುತ್ತಿರುವುದು ಬಿಸಿಗಲ್ಲ, ಫ್ಯಾನಿಗೆ. ಇದು ನನ್ನ ಅನುಮಾನ.

ಅರ್ಥ್ ಅಂದರೆ ಎಲ್ಲ ಕಡೆ ಒಂದೇ ಅಂತ ನಾವು ಅಂದುಕೊಳ್ಳುತ್ತೇವೆ. ಮೀಟರ್ ಹಾಗೆ ಹೇಳುವುದಿಲ್ಲ. ಫ್ಯಾನ್, ಲೈಟಿನ ಕರೆಂಟ್ ಬಾಡಿಗೆ ಇಳಿದು, ಅಲ್ಲಿಂದ ಎಂಜಿನ್ನಿನ ಮೇಲಿರುವ ಆಲ್ಟರ್ನೇಟರ್‌ಗೆ ವಾಪಸ್ ಹೋಗಬೇಕು. ನಡುವೆ ಇರುವುದು ನಿಮ್ಮ ಆ ಒಂದೇ ತಂತಿ, ಯಾಕೆಂದರೆ ಮೌಂಟಿಂಗ್ ರಬ್ಬರು. ತಂತಿಯಲ್ಲಿ ತಡೆ ಇದ್ದರೆ ಬಾಡಿ ಎಂಜಿನ್ನಿಗಿಂತ ಅರ್ಧ ವೋಲ್ಟ್ ಮೇಲೆ ಏಳುತ್ತದೆ. ಇಸಿಯು ಅಳೆಯುವುದು ಎಂಜಿನ್ ಅರ್ಥಿನಿಂದ. ಸೆನ್ಸರ್ ನಿಂತಿರುವುದು ಬಾಡಿ ಮೇಲೆ. ಮಗುವಿನ ಎತ್ತರ ಅಳೆಯುವಾಗ ಯಾರೋ ಕಾಲಡಿ ಮಣೆ ಇಟ್ಟರೆ ಹೇಗೋ ಹಾಗೆ. ಮಗು ಬೆಳೆದಿಲ್ಲ, ಅಳತೆ ಬೆಳೆಯಿತು.

ಈಗ ನೋಡಿ ಏನಾಗುತ್ತದೆ. ಮ್ಯಾಪ್ ವೋಲ್ಟ್ ಏರಿದರೆ ಎಂಜಿನ್ ಮೇಲೆ ಭಾರ ಜಾಸ್ತಿ ಅಂತ ಇಸಿಯು ಪೆಟ್ರೋಲ್ ಕೊಡುತ್ತದೆ. ಕೂಲಂಟ್ ಸೆನ್ಸರಿನ ವೋಲ್ಟ್ ಏರಿದರೆ ನೀರು ಇನ್ನೂ ತಣ್ಣಗಿದೆ ಅಂತ ಮತ್ತೆ ಪೆಟ್ರೋಲ್ ಕೊಡುತ್ತದೆ. ಥ್ರಾಟಲ್ ವೋಲ್ಟ್ ಏರಿದರೆ ಕಾಲು ಪೆಡಲ್ ಮೇಲಿದೆ ಅಂದುಕೊಂಡು ಸ್ಲೋ ಹಿಡಿಯುವ ಕೆಲಸವನ್ನೇ ಬಿಡುತ್ತದೆ. ಮೂರೂ ಒಂದೇ ಕಡೆಗೆ ಎಳೆಯುತ್ತವೆ. ಇಗ್ನಿಷನ್ ಆನ್ ಮಾಡಿ ಅಳೆದಾಗ ಎಲ್ಲ ಸರಿ ಕಾಣುತ್ತದೆ, ಏಕೆಂದರೆ ಆಲ್ಟರ್ನೇಟರ್ ಓಡುತ್ತಿಲ್ಲ, ಆ ತಂತಿಯಲ್ಲಿ ಹೇಳಿಕೊಳ್ಳುವಂಥ ಕರೆಂಟೇ ಇಲ್ಲ.

ಹೊಸದೇನೂ ಕೊಳ್ಳಬೇಡಿ. ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಡಿ. ಕರಿ ಕಡ್ಡಿ ಎಂಜಿನ್ ಬ್ಲಾಕಿನ ಬೆಳ್ಳಗಿನ ಲೋಹಕ್ಕೆ, ಕೆಂಪು ಕಡ್ಡಿ ಬಾಡಿ ಮೇಲಿನ ನಿಮ್ಮ ಸೆನ್ಸರ್ ಲಗ್ಗಿಗೆ. ಸೆಲ್ಫ್ ಹೊಡೆಯುವಾಗ ಒಂದು ಸಲ, ಸ್ಲೋನಲ್ಲಿ ಫ್ಯಾನ್ ಇಲ್ಲದಾಗ ಒಂದು ಸಲ, ಫ್ಯಾನ್ ತಿರುಗುವಾಗ ಒಂದು ಸಲ, ಫ್ಯಾನಿನ ಜೊತೆ ಹೆಡ್‌ಲೈಟ್ ಹಾಕಿ ಒಂದು ಸಲ ನೋಡಿ. ಥ್ರಾಟಲ್ ಸೆನ್ಸರಿನ ಸಿಗ್ನಲ್ ತಂತಿಯನ್ನೂ ಪ್ರತಿ ಸಲ ಅಳೆಯಿರಿ. ಪೆಡಲ್ ಮುಟ್ಟಬೇಡಿ. ಬೆಲ್ಟಿನ ಹತ್ತಿರ ಅಂಗಿ ತೋಳು, ಮೀಟರ್ ತಂತಿ ಜೋಪಾನ.

ಪದ್ಮಿನಿ85 | ಭಾನುವಾರ ರಾತ್ರಿ 8:15

ಮೇಷ್ಟ್ರೇ, ಅಳೆದೆ. ಅಪ್ಪ ಸ್ವಿಚ್ ಹಾಕಿ ಆರಿಸಿದರು, ನಾನು ಮೀಟರ್ ಹಿಡಿದೆ.

ಸೆಲ್ಫ್ ಹೊಡೆಯುವಾಗ 1.9 ವೋಲ್ಟ್. ಸ್ಲೋನಲ್ಲಿ ಫ್ಯಾನ್ ಇಲ್ಲದೆ 0.12. ಫ್ಯಾನ್ ಬಂದ ಕೂಡಲೇ 0.36. ಹೆಡ್‌ಲೈಟ್ ಕೂಡ ಹಾಕಿದರೆ 0.55.

ಥ್ರಾಟಲ್ ಸಿಗ್ನಲ್ ಇಗ್ನಿಷನ್ ಆನ್‌ನಲ್ಲಿ 0.55 ಇತ್ತು. ಸ್ಲೋನಲ್ಲಿ 0.66. ಫ್ಯಾನ್ ಬಂದಾಗ 0.87. ಲೈಟ್ ಹಾಕಿದಾಗ 1 ವೋಲ್ಟ್ ದಾಟಿತು. ಪೆಡಲ್ ಹತ್ತಿರ ಯಾರ ಕಾಲೂ ಇರಲಿಲ್ಲ.

ಇನ್ನೊಂದು ಪರೀಕ್ಷೆ ಮಾಡಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಫ್ಯಾನಿಗೆ ನೇರ ಕರೆಂಟ್ ಕೊಟ್ಟೆ. ಎರಡನೇ ನಿಮಿಷಕ್ಕೇ ಸ್ಲೋ ಏರಿತು, ಹೊಗೆ ಶುರುವಾಯಿತು. ಫ್ಯಾನ್ ತೆಗೆದೆ, ಸರಿಹೋಯಿತು. ಮತ್ತೆ ಕೊಟ್ಟೆ, ಮತ್ತೆ ಕೆಟ್ಟಿತು. ಮೂರು ವಾರದಿಂದ ಬಿಸಿ ಬಿಸಿ ಅಂತ ಹುಡುಕುತ್ತಿದ್ದೆ.

ಆಮೇಲೆ ಎಂಜಿನ್ ಅರ್ಥ್ ತಂತಿ ಬಿಚ್ಚಿದೆ. ಬಾಡಿ ಕಡೆಯ ಬೋಲ್ಟ್ ಬಿಚ್ಚಿ ಲಗ್ ಎತ್ತಿದರೆ ಕೆಳಗೆ ನಾನೇ ಹೊಡೆಸಿದ ಹೊಸ ನೀಲಿ ಬಣ್ಣ ಹಾಗೇ ಇತ್ತು. ಲಗ್ಗಿನ ವೃತ್ತದ ಗುರುತು ಬಣ್ಣದ ಮೇಲೆ ಒತ್ತಿಕೊಂಡಿತ್ತು, ಒಂದು ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಲೋಹ ಹೊಳೆಯುತ್ತಿತ್ತು. ಇಷ್ಟು ದಿನ ಸೆಲ್ಫಿನ ಕರೆಂಟೆಲ್ಲ ಅಲ್ಲಿಂದಲೇ ಹೋಗಿದೆ. ತಂತಿ ಕೂಡ ಮನೆ ವೈರಿಂಗಿಗೆ ಬಳಸುವ 4 ಸ್ಕ್ವೇರ್ ಎಂಎಂ. ಇನ್ನೊಂದು ನೆನಪಾಯಿತು. ಹೋದ ವಾರ ಸೆಲ್ಫ್ ತುಂಬಾ ಹೊತ್ತು ಹೊಡೆದಾಗ ಆಕ್ಸಲರೇಟರ್ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು. ಆಗ ಯಾಕೆ ಅಂತ ಗೊತ್ತಾಗಿರಲಿಲ್ಲ.

ಗುಬ್ಬಿಗೇಟ್ ಗ್ಯಾರೇಜ್ | ಭಾನುವಾರ ರಾತ್ರಿ 8:40

ಕೇಬಲ್ ಬೆಚ್ಚಗಾದರೆ ಅರ್ಥ್ ಇಲ್ಲ ಅಂತಲೇ ಲೆಕ್ಕ. ಸೆಲ್ಫಿನ ಕರೆಂಟ್ ದಾರಿ ಸಿಗದೆ ಆ ಕೇಬಲಿನಲ್ಲಿ ಹರಿಯುತ್ತದೆ. ಲಾರಿಗಳಲ್ಲಿ ನಾನು ಕೇಬಲ್ ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿದ್ದನ್ನೇ ನೋಡಿದ್ದೇನೆ. ಹಳೆಯ ಎಂಜಿನ್ ಇಳಿಸುವಾಗ ಹೆಣೆದ ತಾಮ್ರದ ಪಟ್ಟಿ ಇರುತ್ತಲ್ಲ, ಅದು ಎಂಜಿನ್ ಜೊತೆಗೇ ಹೋಗಿಬಿಡುತ್ತದೆ. ಸುಮಾರು ಜನ ವಾಪಸ್ ಹಾಕುವುದೇ ಇಲ್ಲ.

ವೈರಿಂಗ್ ಮೇಷ್ಟ್ರು | ಭಾನುವಾರ ರಾತ್ರಿ 9:10

ತುಂಬಾ ಚೆನ್ನಾಗಿ ಅಳೆದಿದ್ದೀರಿ. ತಣ್ಣಗಿದ್ದಾಗ ಫ್ಯಾನ್ ಓಡಿಸಿ ನೋಡಿದ್ದು ನನಗೆ ಹೊಳೆದಿರಲಿಲ್ಲ. ಅದರಿಂದ ಅನುಮಾನ ಹೋಗಿ ಖಾತ್ರಿಯಾಯಿತು.

ಎರಡು ಕೆಲಸ ಇವೆ, ಎರಡನ್ನೂ ಮಾಡಿ. ಒಂದೇ ಮಾಡಿದರೂ ಗಾಡಿ ಓಡುತ್ತದೆ, ಆದರೆ ಮುಂದೆ ಎಂದಾದರೂ ಮತ್ತೆ ಕೈಕೊಡುತ್ತದೆ.

ಬ್ಯಾಟರಿ ನೆಗೆಟಿವಿನಿಂದ ನೇರ ಗೇರ್ ಬಾಕ್ಸಿಗೆ, ಸೆಲ್ಫ್ ಮೋಟಾರ್ ಕೂರುವ ಬೋಲ್ಟಿಗೆ, 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆಯಿರಿ. ಎಂಜಿನ್‌ನಿಂದ ಬಾಡಿಗೆ ಹೆಣೆದ ಪಟ್ಟಿ ಬೇರೆ ಹಾಕಿ. ಲಗ್ ಕೂರುವ ಕಡೆ ಉಪ್ಪುಕಾಗದದಿಂದ ಉಜ್ಜಿ ಲೋಹ ಬೆಳ್ಳಗೆ ಕಾಣಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ಬಣ್ಣ ಹಚ್ಚಿ, ಮೊದಲೇ ಹಚ್ಚಬೇಡಿ.

ಸೆನ್ಸರ್ ಅರ್ಥ್‌ಗಳನ್ನು ಬಾಡಿಯಿಂದ ಬಿಡಿಸಿ. ಇಸಿಯು ಕಪ್ಲರಿನಲ್ಲಿ (ತಂತಿಗಳು ಬಂದು ಸೇರುವ ಪ್ಲಗ್ಗಿನಲ್ಲಿ) ಸೆನ್ಸರ್‌ಗಳಿಗೇ ಅಂತ ಒಂದು ಅರ್ಥ್ ಪಿನ್ ಇರುತ್ತದೆ, ನೀವು ಕತ್ತರಿಸಿದ್ದು ಅದರ ತಂತಿಯನ್ನೇ. ವೈರಿಂಗ್ ಚಿತ್ರ ನೋಡಿ ಆ ಪಿನ್ ಹುಡುಕಿ. ಬ್ಯಾಟರಿ ತೆಗೆದು, ಕಪ್ಲರ್ ಹಾಕಿದ ಹಾಗೇ ಆ ಪಿನ್ನಿನಿಂದ ಇಸಿಯುವಿನ ಮುಖ್ಯ ಅರ್ಥ್ ಪಿನ್ನಿಗೆ ಓಮ್ ಅಳೆದರೆ ಸೊನ್ನೆಯ ಹತ್ತಿರ ತೋರಿಸಬೇಕು. ಮ್ಯಾಪ್, ಥ್ರಾಟಲ್, ಕೂಲಂಟ್, ಗಾಳಿಯ ತಾಪ, ಎಲ್ಲದರ ಅರ್ಥೂ ಅಲ್ಲಿಗೇ ಹೋಗಲಿ. ಬಾಡಿಗೂ ಒಂದು ಇರಲಿ, ಭದ್ರ ಅಂತ ಸೇರಿಸಬೇಡಿ. ಸೇರಿಸಿದರೆ ಫ್ಯಾನಿನ ಕರೆಂಟ್ ಇಸಿಯು ಒಳಗಿಂದ ದಾರಿ ಹುಡುಕುತ್ತದೆ.

ಕೂಲಂಟ್ ಸೆನ್ಸರ್ ಹಳೆಯದು ಮನೆಯಲ್ಲಿದ್ದರೆ ಎಸೆಯಬೇಡಿ. ಪಾತ್ರೆಯಲ್ಲಿ ನೀರು ಕಾಯಿಸಿ ಥರ್ಮಾಮೀಟರ್ ಜೊತೆ ಮುಳುಗಿಸಿ ಅಳೆಯಿರಿ. ಈ ಥರದ ಸೆನ್ಸರ್ 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್ ಹತ್ತಿರ, 80 ಡಿಗ್ರಿಯಲ್ಲಿ 300 ಓಮ್ ಹತ್ತಿರ ತೋರಿಸುತ್ತದೆ. ನಮ್ಮ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಅದನ್ನು 100 ಅಂತ ಹಿಡಿಯಬೇಡಿ.

ಮಧುಗಿರಿ ಜೀಪು | ಸೋಮವಾರ ಬೆಳಿಗ್ಗೆ 6:50

ಕೆಲಸ ನೋಡಿ ಸಂತೋಷ. ಒಂದು ಮಾತು ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿನ ವಿವರಕ್ಕೂ ಗಾಡಿ ತಯಾರಿಸಿದ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಬೇರೆ ಕಂಪನಿಯ ಎಂಜಿನ್ ಅಂದರೆ ಎಂಜಿನ್ ನಂಬರ್, ಸಿಸಿ ಎಲ್ಲ ಬೇರೆ. ಆರ್‌ಟಿಒದಲ್ಲಿ ಬರವಣಿಗೆಯಲ್ಲಿ ಕೇಳದೆ ರಸ್ತೆಗೆ ಇಳಿಸಬೇಡಿ. ಏನಾದರೂ ಆದರೆ ಇನ್ಶೂರೆನ್ಸ್ ಬರದೆ ಹೋಗಬಹುದು, ಅಪ್ಪನ ಹೆಸರಿನ ಆರ್‌ಸಿಗೂ ಕುತ್ತು.

ಪದ್ಮಿನಿ85 | ಸೋಮವಾರ ಬೆಳಿಗ್ಗೆ 7:20

ಗೊತ್ತಿದೆ ಅಣ್ಣ, ಹೇಳಿದ್ದು ಒಳ್ಳೆಯದಾಯಿತು, ಓದುವ ಬೇರೆಯವರಿಗೂ ತಿಳಿಯಲಿ. ಗಾಡಿ ಈಗ ಗುಬ್ಬಿ ಹತ್ತಿರ ಮಾವನ ತೆಂಗಿನ ತೋಟದಲ್ಲಿದೆ. ತೋಟದೊಳಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ ಇದೆ. ಅಲ್ಲೇ ಓಡಿಸುತ್ತೇನೆ. ಹೊರಗೆ ತಂದಿಲ್ಲ. ಆರ್‌ಟಿಒಗೆ ಅರ್ಜಿ ಬರೆದು ಕೇಳುತ್ತೇನೆ, ಏನು ಹೇಳುತ್ತಾರೋ ಹಾಗೆ.

ಆಲ್ಟೋ ಕನಸು, ಮಾಲೂರು | ಸೋಮವಾರ ಮಧ್ಯಾಹ್ನ 12:10

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಎಂಜಿನ್ ಬದಲಿಸಿದ ಗಾಡಿ. ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಮೀಟರಿನಲ್ಲಿ ಕೀಲಿಕೈ ಚಿತ್ರದ ಲೈಟ್ ಮಿನುಗುತ್ತದೆ. ನನ್ನದೂ ಅರ್ಥ್ ತೊಂದರೆಯಾ?

ಸ್ಪೀಡುಯಿನೋ ಚಿಂತಾಮಣಿ | ಸೋಮವಾರ ಮಧ್ಯಾಹ್ನ 12:35

ಅಲ್ಲ, ಅದು ಇಮ್ಮೊಬಿಲೈಸರ್. ಕೀಯೊಳಗೆ ಒಂದು ಚಿಪ್ ಇರುತ್ತದೆ. ಅದನ್ನು ಇಸಿಯು ಗುರುತು ಹಿಡಿಯದಿದ್ದರೆ ಎಂಜಿನ್ ನಡೆಸಲು ಬಿಡುವುದಿಲ್ಲ. ಇಸಿಯು, ಇಮ್ಮೊಬಿಲೈಸರ್ ಬಾಕ್ಸ್, ಕೀ ಮೂರೂ ಒಂದೇ ಗಾಡಿಯಿಂದ ಬರಬೇಕು. ಗುಜರಿಯಲ್ಲಿ ಇಸಿಯು ತರುವಾಗ ಕೀ ಕೂಡ ಕೇಳಿ ತರಬೇಕು. ಇನ್ನೂ ಅಂಗಡಿಯಲ್ಲಿ ಇದ್ದರೆ ಇವತ್ತೇ ಹೋಗಿ ತನ್ನಿ, ಕೀಗಳು ಬೇಗ ಕಳೆದುಹೋಗುತ್ತವೆ. ಗಾಡಿ ಯಾರದ್ದಾಗಿತ್ತು ಅನ್ನುವ ಕಾಗದವನ್ನೂ ತಪ್ಪದೆ ತೆಗೆದುಕೊಳ್ಳಿ.

ಪದ್ಮಿನಿ85 | ಬುಧವಾರ ರಾತ್ರಿ 9:00

ಎರಡೂ ಕೆಲಸ ಮುಗಿಯಿತು. ಸೆಲ್ಫ್ ಹೊಡೆಯುವಾಗ 1.9 ಇದ್ದದ್ದು 0.12ಕ್ಕೆ ಬಂತು. ಫ್ಯಾನ್, ಹೆಡ್‌ಲೈಟ್ ಎಲ್ಲ ಹಾಕಿದರೂ 0.03. ಸೆಲ್ಫ್ ತಿರುಗುವ ಸದ್ದೇ ಬೇರೆ ಆಗಿದೆ. ಅಪ್ಪ ಒಳಗಿಂದ ಕೇಳಿಸಿಕೊಂಡು ಹೊಸ ಬ್ಯಾಟರಿ ಹಾಕಿದೆಯಾ ಅಂದರು.

ಇಪ್ಪತ್ತು ನಿಮಿಷ ಸ್ಲೋನಲ್ಲಿ ಬಿಟ್ಟೆ. ಫ್ಯಾನ್ ನಾಲ್ಕು ಸಲ ಬಂದು ಹೋಯಿತು. ಸ್ಲೋ 850ರಲ್ಲೇ ನಿಂತಿತು, ಹೊಗೆ ಇಲ್ಲ. ಬದಲಿಸಿದ ಹಳೆಯ ಕೂಲಂಟ್ ಸೆನ್ಸರ್‌ಗಳನ್ನು ನೀರಿನಲ್ಲಿ ಕಾಯಿಸಿ ಅಳೆದೆ. ಎರಡೂ ಸರಿಯಾಗಿವೆ.

ಆದರೆ ಇನ್ನೆರಡು ತೊಂದರೆ ಈಗ ಕಾಣುತ್ತಿವೆ. ಮೊದಲು ಮಿಸ್ಸಿಂಗ್ ಗದ್ದಲದಲ್ಲಿ ಗೊತ್ತಾಗಿರಲಿಲ್ಲ. 3500 ಆರ್‌ಪಿಎಂ ದಾಟಿದರೆ ಯಾರೋ ಸ್ವಿಚ್ ಆರಿಸಿ ಹಾಕಿದ ಹಾಗೆ ಟಕ್ ಟಕ್ ಅಂತ ಕಟ್ ಆಗುತ್ತದೆ. ಇನ್ನೊಂದು, ಓಡುತ್ತಿರುವಾಗ ಪೆಡಲ್ ಬಿಟ್ಟು ನ್ಯೂಟ್ರಲ್ ಮಾಡಿ ನಿಲ್ಲಿಸಲು ಹೋದರೆ ಕೆಲವು ಸಲ ಆಫ್ ಆಗುತ್ತದೆ.

ಸ್ಪೀಡುಯಿನೋ ಚಿಂತಾಮಣಿ | ಬುಧವಾರ ರಾತ್ರಿ 9:30

ಎಂಜಿನ್ ಎಷ್ಟು ತಿರುಗಿದೆ ಅಂತ ಇಸಿಯುಗೆ ಹೇಳುವ ಕ್ಯಾಮ್ ಸೆನ್ಸರ್ ತಂತಿ ಉದ್ದ ಮಾಡಿದ್ದು ಯಾವುದರಿಂದ? ಎಲ್ಲಿಂದ ಹಾದು ಬರುತ್ತದೆ?

ಪದ್ಮಿನಿ85 | ಬುಧವಾರ ರಾತ್ರಿ 9:38

ಸಾಮಾನ್ಯ ಆಟೋ ವೈರ್ ಅಕ್ಕ. ಪ್ಲಗ್ ವೈರ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಿದ್ದೇನೆ, ನೋಡಲು ಅಚ್ಚುಕಟ್ಟಾಗಿರಲಿ ಅಂತ.

ಸ್ಪೀಡುಯಿನೋ ಚಿಂತಾಮಣಿ | ಬುಧವಾರ ರಾತ್ರಿ 10:00

ಸಿಕ್ಕಿತು ನೋಡು. ನಾನೂ ಇದರಲ್ಲಿ ಒಂದು ತಿಂಗಳು ಕಳೆದಿದ್ದೇನೆ. 800ರ ಕ್ರ್ಯಾಂಕ್ ಪುಲ್ಲಿಗೆ ಮೂವತ್ತಾರರಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಕೂರಿಸಿದ್ದೆ, ಅದರ ಹಲ್ಲು ಎಣಿಸಿಯೇ ಇಸಿಯು ಕಿಡಿಯ ಸಮಯ ತಿಳಿಯುವುದು. ಹಲ್ಲು ಎಣಿಸುವುದು 4000ದ ಮೇಲೆ ತಪ್ಪುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಇಲ್ಲದ ಹಲ್ಲುಗಳು ಕಾಣುತ್ತಿದ್ದವು. ಪ್ಲಗ್ಗಿನ ಕಿಡಿ ಸಾವಿರಾರು ವೋಲ್ಟಿನದು. ಪಕ್ಕದ ತಂತಿಯಲ್ಲಿ ಅದರ ನೆರಳು ಬೀಳುತ್ತದೆ, ಇಸಿಯು ಅದನ್ನೂ ಒಂದು ಹಲ್ಲು ಅಂತ ಎಣಿಸುತ್ತದೆ. ಲೆಕ್ಕ ತಪ್ಪಿದ ಕೂಡಲೇ ಕಿಡಿ ನಿಲ್ಲಿಸುತ್ತದೆ.

ಒಳಗೆ ಹುರಿಹೊಸೆದ ತಂತಿ, ಮೇಲೆ ಹೆಣೆದ ಜಾಲರಿ ಇರುವ ಶೀಲ್ಡ್ ಕೇಬಲ್ ತಾ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಜಾಲರಿಯನ್ನು ಇಸಿಯು ಕಡೆ ಮಾತ್ರ ಅರ್ಥ್ ಮಾಡು. ಸೆನ್ಸರ್ ಕಡೆ ಜಾಲರಿ ಕತ್ತರಿಸಿ, ಟೇಪ್ ಸುತ್ತಿ ಬಿಟ್ಟುಬಿಡು. ಎರಡೂ ಕಡೆ ಕೊಟ್ಟರೆ ಮೇಷ್ಟ್ರು ಹೇಳಿದ ಅದೇ ಕಥೆ, ಅದರಲ್ಲೂ ಕರೆಂಟ್ ಹರಿಯುತ್ತದೆ. ಪ್ಲಗ್ ವೈರಿನಿಂದ ಒಂದು ಗೇಣು ದೂರ ಇರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ, ಜೊತೆಜೊತೆಯಾಗಿ ಓಡಬಾರದು.

ಸೆನ್ಸರಿಗೆ ಎಷ್ಟು ತಂತಿ ನೋಡಿಕೋ. ಎರಡೇ ಇದ್ದರೆ ಸಾಮಾನ್ಯವಾಗಿ ಅಯಸ್ಕಾಂತ ಮತ್ತು ಸುರುಳಿಯದು, ಎರಡು ತಂತಿ ಅದಲುಬದಲಾದರೆ ಟೈಮಿಂಗ್ ತಪ್ಪುತ್ತದೆ. ಮೂರಿದ್ದರೆ ಸಾಮಾನ್ಯವಾಗಿ ಹಾಲ್ ಸೆನ್ಸರ್ (ಅಯಸ್ಕಾಂತದ ಬಲ ಗುರುತಿಸುವ ಚಿಪ್), ಅದಕ್ಕೆ ಕರೆಂಟ್ ಬೇಕು. ಬಣ್ಣ ಬರೆದಿಟ್ಟುಕೊಂಡೇ ಕತ್ತರಿಸು.

ವೈರಿಂಗ್ ಮೇಷ್ಟ್ರು | ಗುರುವಾರ ಬೆಳಿಗ್ಗೆ 6:30

ಅಮ್ಮಾ, ತುಂಬಾ ಸ್ಪಷ್ಟವಾಗಿ ಹೇಳಿದ್ದೀರಿ.

ಪದ್ಮಿನಿಯವರೇ, ನಿಲ್ಲಿಸುವಾಗ ಆಫ್ ಆಗುವುದಕ್ಕೆ ವೇಗದ ಸಿಗ್ನಲ್ ನೋಡಿ. ಗಾಡಿ ಓಡುತ್ತಿದೆಯೋ ನಿಂತಿದೆಯೋ ಅಂತ ಇಸಿಯುಗೆ ತಿಳಿದರೆ ಪೆಡಲ್ ಬಿಟ್ಟಾಗ ಸ್ವಲ್ಪ ಜಾಸ್ತಿ ಗಾಳಿ ಬಿಟ್ಟು ಎಂಜಿನ್ ಹಿಡಿದುಕೊಳ್ಳುತ್ತದೆ. ಪದ್ಮಿನಿಯ ಮೀಟರ್ ಬರೀ ಕೇಬಲಿನದು, ಅದರಿಂದ ಇಸಿಯುಗೆ ಸುದ್ದಿ ಹೋಗುವುದಿಲ್ಲ. ಜಪಾನಿ ಗಾಡಿಗಳ ಮೀಟರ್ ಕೇಬಲ್ ಸಾಮಾನ್ಯವಾಗಿ ಕಿಲೋಮೀಟರಿಗೆ 637 ಸುತ್ತು ತಿರುಗುತ್ತದೆ. ಸುತ್ತಿಗೆ ನಾಲ್ಕು ಪಲ್ಸ್ ಅಂದರೆ 2548. ಕಿಲೋಮೀಟರಿಗೆ ಅದರ ಹತ್ತಿರದಷ್ಟು ಪಲ್ಸ್ ಇಸಿಯುಗೆ ಸಿಕ್ಕರೆ ಸಾಕು.

ಪದ್ಮಿನಿ85 | ಭಾನುವಾರ ಸಂಜೆ 7:45

ಮೊದಲು 3500ರ ಕಟ್. ಶೀಲ್ಡ್ ಕೇಬಲ್ ಹಾಕಿ, ಪ್ಲಗ್ ವೈರಿನ ಕಟ್ಟು ಬಿಚ್ಚಿ ಫೈರ್‌ವಾಲಿನ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ) ಇನ್ನೊಂದು ಕಡೆಯಿಂದ ತಂದೆ. 5500ರವರೆಗೆ ಒಂದೇ ಉಸಿರಿನಲ್ಲಿ ಏರಿತು. ಅದಕ್ಕಿಂತ ಮೇಲೆ ನಾನೇ ಹೋಗಲಿಲ್ಲ, ಷಾಫ್ಟ್ ಹೊಸದು.

ವೇಗದ ಸಿಗ್ನಲ್‌ಗೆ ಹೀಗೆ ಮಾಡಿದೆ. ಒಂದು ಹಿಂದಿನ ಚಕ್ರಕ್ಕೆ, ಷಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಗಾಡಿಯನ್ನು ಹತ್ತು ಸುತ್ತು ನೇರ ತಳ್ಳಿದೆವು. ಷಾಫ್ಟ್ 43 ಸುತ್ತು ತಿರುಗಿತು. ಚಕ್ರದ ಒಂದು ಸುತ್ತಿಗೆ ಗಾಡಿ 1.79 ಮೀಟರ್ ಹೋಗುತ್ತದೆ, ಟೇಪ್ ಹಿಡಿದು ಅಳೆದೆ. ಲೆಕ್ಕ ಹಾಕಿದರೆ ಷಾಫ್ಟ್ ಕಿಲೋಮೀಟರಿಗೆ 2400 ಸುತ್ತು. ಷಾಫ್ಟಿನ ಚಾಚುಪಟ್ಟಿಯ ಮೇಲೆ ಒಂದೇ ಅಯಸ್ಕಾಂತ, ಎದುರು ಹಾಲ್ ಸೆನ್ಸರ್. 2548ಕ್ಕೆ ನೂರಕ್ಕೆ ಆರು ಕಡಿಮೆ ಅಷ್ಟೇ. ತೂಕ ಸರಿಹೋಗಲು ಎದುರು ಬದಿಗೆ ಅಷ್ಟೇ ತೂಕದ ಹಿತ್ತಾಳೆ ತುಂಡು ಕೂರಿಸಿದ್ದೇನೆ. ಈಗ ಹತ್ತು ಸಲ ನಿಲ್ಲಿಸಿದೆ, ಒಂದು ಸಲವೂ ಆಫ್ ಆಗಲಿಲ್ಲ.

ಇವತ್ತು ಸಂಜೆ ಕತ್ತಲಾದ ಮೇಲೆ ಬೇಕೆಂದೇ ಹೆಡ್‌ಲೈಟ್ ಹಾಕಿ ತೋಟದ ದಾರಿಯಲ್ಲಿ ಹೋದೆವು. ಅಪ್ಪ ಓಡಿಸಿದರು. ಗೇರ್ ಹಾಕುವ ಮುಂಚೆ ಹಳೆಯ ಅಭ್ಯಾಸದಂತೆ ಎಡಗೈಯಿಂದ ಚೋಕ್ ಹುಡುಕಿದರು, ಅದು ಈಗ ಇಲ್ಲ. ಮೂರು ಸುತ್ತು ಹಾಕಿ ಪಂಪ್‌ಹೌಸ್ ಹತ್ತಿರ ನಿಲ್ಲಿಸಿದಾಗ ಫ್ಯಾನ್ ಬಂತು. ಇಬ್ಬರೂ ಮಾತು ನಿಲ್ಲಿಸಿ ಕೇಳಿದೆವು. ಸ್ಲೋ ಒಂದು ಕ್ಷಣ ಇಳಿದು ಮತ್ತೆ 850ಕ್ಕೆ ಬಂದು ನಿಂತಿತು.

ವೈರಿಂಗ್ ಮೇಷ್ಟ್ರು | ಭಾನುವಾರ ರಾತ್ರಿ 8:20

ಫ್ಯಾನ್ ಬಂದಾಗ ಒಂದು ಕ್ಷಣ ಇಳಿದರೆ ಅದು ಆಲ್ಟರ್ನೇಟರ್ ಭಾರ, ಇರಬೇಕಾದದ್ದೇ. ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಒಂದು ತಿಂಗಳು ಓಡಿದ ಮೇಲೆ ಅರ್ಥ್ ಬೋಲ್ಟ್‌ಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ, ಅದೇ ನಾಲ್ಕು ಅಳತೆ ತೆಗೆದು ಇಲ್ಲಿ ಹಾಕಿ.

ಪದ್ಮಿನಿ85 | ಭಾನುವಾರ ರಾತ್ರಿ 8:34

ಖಂಡಿತ ಹಾಕುತ್ತೇನೆ ಮೇಷ್ಟ್ರೇ. ಇವತ್ತಿನ ನಾಲ್ಕು ಅಂಕಿಗಳನ್ನು ಬಾನೆಟ್ ಒಳಗೆ ಬಣ್ಣದಲ್ಲಿ ಬರೆದಿದ್ದೇನೆ. ಆಲ್ಟೋ ಅವರೇ, ಕೀ ಸಿಕ್ಕಿತಾ?

ಆಲ್ಟೋ ಕನಸು, ಮಾಲೂರು | ಭಾನುವಾರ ರಾತ್ರಿ 9:05

ಸಿಕ್ಕಿತು. ಅಂಗಡಿಯವರು ಒಂದು ಡಬ್ಬಿ ತುಂಬ ಕೀ ಮುಂದಿಟ್ಟರು. ನಲವತ್ತಕ್ಕೂ ಹೆಚ್ಚು ಇದ್ದವು. ಇಸಿಯು, ಬಾಕ್ಸ್ ಎರಡನ್ನೂ ಅಲ್ಲೇ ಬ್ಯಾಟರಿಗೆ ಕೊಟ್ಟು ಒಂದೊಂದೇ ಕೀ ಹಿಡಿದು ನೋಡಿದೆ. ಹದಿನೇಳನೆಯದಕ್ಕೆ ಲೈಟ್ ಮಿನುಗುವುದು ನಿಂತಿತು. ನಾಳೆ ಗಾಡಿಗೆ ಹಾಕುತ್ತೇನೆ.